200 ಬಾರ್ ಪ್ರೆಶರ್‌ನ್ಯಾಗ ಒಂದು ಮೋಲ್ ಗ್ಯಾಸ್ ಎಷ್ಟ್ ಜಾಗಾ ಹಿಡೀತದ, ಲೆಕ್ಕ ಮಾಡೋದು ಹ್ಯಾಂಗ

ಕಲಬುರಗಿ, ಬೀದರ್, ಯಾದಗಿರಿ ಕಡೆ ಬಿಎಸ್ಸಿ ಓದೋ ಹುಡುಗ್ರು ಹುಡುಗ್ಯಾರು ವರ್ಷಾ ಕೇಳೋ ಪ್ರಶ್ನೆ ಇದು. ವ್ಯಾನ್ ಡರ್ ವಾಲ್ಸ್ ಸಮೀಕರಣ ಬಾಯಿಪಾಠ ಬರ್ತದ ಸರ್, ಆದ್ರ ಅದರಾಗಿಂದ ವಿ ಅನ್ನೋದು, ಅಂದ್ರ ಒಂದು ಮೋಲ್ ಹಿಡಿಯೋ ಜಾಗಾ (ಮೋಲಾರ್ ವಾಲ್ಯೂಮ್), ಹೊರಗ ತೆಗಿಯಾಕ ಬರವಲ್ದು ಅಂತಾರ. ಖರೇ ಗ್ಯಾಸಿನ ಪ್ರೆಶರ್ (ಪಿ), ವಾಲ್ಯೂಮ್ (ವಿ), ಟೆಂಪರೇಚರ್ (ಟಿ) ಮೂರನ್ನೂ ಕೂಡಿಸೋ ಸಮೀಕರಣ ಅದು. ಅವರು ಹೇಳೋದು ಖರೇ ಅದ. ಪ್ರೆಶರ್ ಕೇಳಿದ್ರ ಒಂದ್ ಲೈನಿನ ಲೆಕ್ಕ, ಟೆಂಪರೇಚರ್ ಕೇಳಿದ್ರೂ ಒಂದೇ ಲೈನ್, ಮೋಲಾರ್ ವಾಲ್ಯೂಮ್ ಕೇಳಿದ್ರ ಮಾತ್ರ ಘನ ಸಮೀಕರಣ ಬಂದು ಎದುರಿಗಿ ನಿಂದರ್ತದ, ಅಲ್ಲಿಗಿ ಹುಡುಗ್ರು ಪೆನ್ ಕೆಳಗ ಇಟ್ಟುಬಿಡ್ತಾರ. ಅಂಥಾದ್ದೇನೂ ಇಲ್ರಿ ಅದರಾಗ. ಒಂದ್ ಸಲ ಪೂರ್ತಿ ನಂಬರ್ ಹಾಕಿ ಮಾಡಿ ನೋಡಿದ್ರ ಮುಂದ ಯಾವ ಗ್ಯಾಸ್ ಕೊಟ್ರೂ ಮಾಡ್ತೀರಿ, ಅದಕ್ಕ ಇಲ್ಲಿ ಪೂರ್ತಿ ನಂಬರ್ ಹಾಕೇ ತೋರಿಸ್ತೀನಿ.

ಉದಾಹರಣೆಗೆ ರೋಡಿನ ಮ್ಯಾಲ ಓಡಾಡೋದನ್ನೇ ತಗೊಳ್ಳೋಣು. ಸಿಎನ್‌ಜಿ ಗಾಡಿ ಡಿಕ್ಕಿಯೊಳಗ ಒಂದು ಸಿಲಿಂಡರ್ ಅದ, ನೀರು ತುಂಬಿದ್ರ 60 ಲೀಟರ್ ಹಿಡೀತದ, ಗ್ಯಾಸ್ ತುಂಬೋದು 200 ಬಾರ್‌ಗೆ, ಟೆಂಪರೇಚರ್ 40 ಡಿಗ್ರಿ ಸೆಲ್ಸಿಯಸ್ ಅನ್ಕೋರಿ (ಏಪ್ರಿಲ್ ಮೇ ತಿಂಗಳದಾಗ ಕಲಬುರಗಿಯೊಳಗ 40 ಅಂದ್ರ ಇವತ್ತು ಸ್ವಲ್ಪ ತಂಪದ ಅಂತಾರ). ಸಿಎನ್‌ಜಿ ಅಂದ್ರ ಹೆಚ್ಚುಕಮ್ಮಿ ಮೀಥೇನ್, ಮೊದಲು ಪೂರ್ತಿ ಮೀಥೇನ್ ಅಂತನೇ ಹಿಡಿಯೋಣು. ಒಂದು ಮೋಲ್ ಮೀಥೇನ್ ಎಷ್ಟ್ ಲೀಟರ್ ಜಾಗಾ ಹಿಡೀತದ, ಅದರಿಂದ ಸಿಲಿಂಡರ್‌ನ್ಯಾಗ ಎಷ್ಟ್ ಕೆಜಿ ಗ್ಯಾಸ್ ಕೂಡ್ತದ, ಇದು ಪ್ರಶ್ನೆ. ಪಂಪಿನ್ಯಾಗ ರೊಕ್ಕ ಕೊಡೋದು ಕೆಜಿ ಲೆಕ್ಕದಾಗೇ, ಅದಕ್ಕ ಈ ಉತ್ತರ ತಪ್ಪಿದ್ರ ಸೀದಾ ಗೊತ್ತಾಗ್ತದ.

ಶುರು ಮಾಡೋಕಿಂತ ಮೊದಲು ಯೂನಿಟ್ ಸರಿ ಮಾಡ್ಕೋರಿ, ಅರ್ಧಾ ತಪ್ಪು ಇಲ್ಲೇ ಆಗ್ತಾವ. ನಾನು ಲೀಟರ್, ಬಾರ್, ಕೆಲ್ವಿನ್ ಇಟ್ಕೊಂಡು ಮಾಡ್ತೀನಿ, ಆಗ ಆರ್ (ಗ್ಯಾಸ್ ಸ್ಥಿರಾಂಕ) ಅಂದ್ರ 0.083145 ಲೀಟರ್ ಬಾರ್ ಪ್ರತಿ ಮೋಲ್ ಪ್ರತಿ ಕೆಲ್ವಿನ್. ಅಟ್ಮಾಸ್ಫಿಯರ್‌ನ್ಯಾಗ ಮಾಡೋರು 0.082057 ಹಾಕ್ಬೇಕು. ವ್ಯಾನ್ ಡರ್ ವಾಲ್ಸ್ ಸಮೀಕರಣದಾಗ ಒಂದೊಂದು ಗ್ಯಾಸಿಗೆ ಎ, ಬಿ ಅಂತ ಎರಡು ನಂಬರ್ ಇರ್ತಾವ, ಅರ್ಥ ಮುಂದ ಹೇಳ್ತೀನಿ. ಈಗ ಮೀಥೇನಿನ ಎ ನೋಡ್ರಿ, ಒಂದ್ ಪುಸ್ತಕದಾಗ 2.253 ಇರ್ತದ, ಇನ್ನೊಂದರಾಗ 2.283 ಇರ್ತದ, ಮತ್ತೊಂದರಾಗ 0.2283 ಇರ್ತದ, ನೋಡಿದೋರು ಯಾವುದೋ ಪ್ರಿಂಟ್ ತಪ್ಪದ ಅನ್ಕೋತಾರ, ಆದ್ರ ಮೂರೂ ಒಂದೇ. ಮೊದಲನೇದು ಅಟ್ಮಾಸ್ಫಿಯರ್ ಲೆಕ್ಕದ್ದು, ಎರಡನೇದು ಬಾರ್ ಲೆಕ್ಕದ್ದು (1 ಅಟ್ಮಾಸ್ಫಿಯರ್ ಅಂದ್ರ 1.01325 ಬಾರ್, ಗುಣಿಸಿ ನೋಡ್ರಿ), ಮೂರನೇದು ಪಾಸ್ಕಲ್ ಮತ್ತ ಘನ ಮೀಟರ್ ಲೆಕ್ಕದ್ದು. ಎ ಒಂದು ಯೂನಿಟ್‌ದಾಗ, ಆರ್ ಇನ್ನೊಂದ್ ಯೂನಿಟ್‌ದಾಗ ತಗೊಂಡ್ರ ಉತ್ತರ ಬರ್ತದ, ಆದ್ರ ಅದು ಯಾವ ಗ್ಯಾಸಿಂದೂ ಅಲ್ಲ.

ಇನ್ನೊಂದು, ಸಿಲಿಂಡರ್ ಮೀಟರ್ ತೋರಿಸೋದು ಗೇಜ್ ಪ್ರೆಶರ್, ಅದಕ್ಕ ಹೊರಗಿನ ಗಾಳಿ ಒತ್ತಡ ಕೂಡಿಸಿದ್ರ ಆ್ಯಬ್ಸಲ್ಯೂಟ್ ಪ್ರೆಶರ್. ಬೀದರ್ ಎತ್ತರದಾಗ ಅದ, ಅಲ್ಲಿ ಹೊರಗಿನ ಒತ್ತಡ ಒಂದು ಬಾರ್‌ಕ್ಕಿಂತ ಸ್ವಲ್ಪ ಕಮ್ಮಿ. 200 ಬಾರ್ ಮುಂದ ಒಂದು ಬಾರ್ ಅಂದ್ರ ಅರ್ಧಾ ಪರ್ಸೆಂಟ್, ಅದನ್ನ ಬಿಟ್ರ ನಡೀತದ, 2 ಬಾರ್ ಲೆಕ್ಕದಾಗ ಬಿಟ್ರ ಮಾತ್ರ ಕೆಟ್ಟು ಹೋಗ್ತದ. ಇಲ್ಲಿ 200 ಅನ್ನೋದನ್ನ ಆ್ಯಬ್ಸಲ್ಯೂಟ್ ಅಂತನೇ ಹಿಡಿದೀನಿ.

ಈಗ ಐಡಿಯಲ್ ಗ್ಯಾಸ್ (ಮಾಲಿಕ್ಯೂಲ್‌ಗೆ ಗಾತ್ರನೂ ಇಲ್ಲ, ಎಳೆತನೂ ಇಲ್ಲ ಅಂತ ಹಿಡಿಯೋದು) ಲೆಕ್ಕ ಮೊದಲು ಮಾಡ್ರಿ. ತಪ್ಪು ಬರ್ತದ ಅಂತ ಗೊತ್ತಿದ್ರೂ ಮಾಡ್ಬೇಕು, ಯಾಕಂದ್ರ ಮುಂದಿನ ಹೆಜ್ಜಿಗೆ ಅದೇ ಶುರು ಮಾಡೋ ನಂಬರ್.

ಟಿ = 40 + 273.15 = 313.15 ಕೆಲ್ವಿನ್
ಆರ್‌ಟಿ = 0.083145 × 313.15 = 26.037
ವಿ = ಆರ್‌ಟಿ/ಪಿ = 26.037/200 = 0.1302 ಲೀಟರ್

ಆರ್‌ಟಿ ಅನ್ನೋ ಈ 26.037 ಬರೆದಿಟ್ಕೋರಿ, ಕೊನೀ ತನಕ ಬೇಕಾಗ್ತದ. 60 ಲೀಟರ್ ಸಿಲಿಂಡರ್‌ನ್ಯಾಗ 60/0.1302 ಅಂದ್ರ 461 ಮೋಲ್, ಮೀಥೇನ್ ಮೋಲಾರ್ ಮಾಸ್ 16.04 ಗ್ರಾಂ, ಅಂದ್ರ 7.4 ಕೆಜಿ. ಐಡಿಯಲ್ ಗ್ಯಾಸ್ ಪ್ರಕಾರ ಇಷ್ಟೇ ಹಿಡೀಬೇಕು.

ಆದ್ರ ಇದಕ್ಕಿಂತ ಒಂದ್ ಕೆಜಿಕ್ಕಿಂತ ಜಾಸ್ತಿನೇ ಹಿಡೀತದ. ಯಾಕ?

ಎರಡು ಕಾರಣ ಅವ, ಎರಡೂ ಒಂದಕ್ಕೊಂದು ಉಲ್ಟಾ ಎಳೀತಾವ. ಮಾಲಿಕ್ಯೂಲ್‌ಗೋಳು ಒಂದನ್ನೊಂದು ಎಳ್ಕೋತಾವ, ಅದರಿಂದ ಗೋಡಿಗೆ ಬಡಿಯೋ ಜೋರು ಕಮ್ಮಿ ಆಗ್ತದ, ಅದೇ ಪ್ರೆಶರ್‌ಗೆ ಇನ್ನಷ್ಟು ಗ್ಯಾಸ್ ಒಳಗ ಕೂಡ್ತದ, ಇದು ಎ. ಇನ್ನೊಂದು, ಮಾಲಿಕ್ಯೂಲ್‌ಗೆ ತನ್ನದೇ ಗಾತ್ರ ಅದ. ಶರಣಬಸವೇಶ್ವರ ಜಾತ್ರಿ ತೇರಿನ ದಿನ ಗುಡಿ ಮುಂದಿನ ಬಯಲು ಎಷ್ಟೇ ದೊಡ್ಡದಿರ್ಲಿ, ನಿಮಗ ಕಾಲಾಡಿಸಾಕ ಸಿಗೋದು ಜನ ನಿಂತ ಜಾಗಾ ಕಳೆದು ಉಳಿದದ್ದಷ್ಟೇ, ಹಂಗೇ ಮಾಲಿಕ್ಯೂಲಿಗೂ ಓಡಾಡಾಕ ವಿ ಪೂರ್ತಿ ಸಿಗಂಗಿಲ್ಲ, ವಿ ಮೈನಸ್ ಬಿ ಅಷ್ಟೇ ಸಿಗ್ತದ. ಜನ ಕಮ್ಮಿ ಇದ್ದಾಗ ಈ ಮಾತು ಯಾರಿಗೂ ನೆನಪಾಗಂಗಿಲ್ಲ, ಇಕ್ಕಟ್ಟಾದಾಗ ಅದೇ ದೊಡ್ಡ ಮಾತು. ಪ್ರೆಶರ್ ಸಾಧಾರಣ ಇದ್ದಾಗ ಎ ಗೆಲ್ತದ, ವಿ ಐಡಿಯಲ್‌ಕ್ಕಿಂತ ಸಣ್ಣದು ಬರ್ತದ. ಪ್ರೆಶರ್ ಭಾಳ ಏರಿಸ್ಕೋತ ಹೋದ್ರ ಬಿ ಗೆಲ್ತದ, ವಿ ಐಡಿಯಲ್‌ಕ್ಕಿಂತ ದೊಡ್ಡದು ಬರ್ತದ. ಹೈಡ್ರೋಜನ್‌ದಾಗ ಎ ಭಾಳ ಸಣ್ಣದು, ಅದಕ್ಕ ರೂಮ್ ಟೆಂಪರೇಚರ್‌ದಾಗ ಮೊದಲಿಂದನೇ ಬಿ ಗೆದ್ದಿರ್ತದ, 27 ಡಿಗ್ರಿ 200 ಬಾರ್‌ದಾಗ ಅದರ ವಾಲ್ಯೂಮ್ ಐಡಿಯಲ್‌ಕ್ಕಿಂತ ಸುಮಾರು 12 ಪರ್ಸೆಂಟ್ ಜಾಸ್ತಿ ಇರ್ತದ. ಲೆಕ್ಕ ಶುರು ಮಾಡೋ ಮೊದಲೇ ಉತ್ತರ ಐಡಿಯಲ್‌ಕ್ಕಿಂತ ಮ್ಯಾಲ ಬರ್ತದೋ ಕೆಳಗ ಬರ್ತದೋ ಅಂತ ಒಂದ್ ಅಂದಾಜು ಮನಸ್ಸಿನ್ಯಾಗ ಇಟ್ಕೋರಿ, ಕ್ಯಾಲ್ಕುಲೇಟರ್ ತಪ್ಪು ಒತ್ತಿದ್ದು ಅಲ್ಲೇ ಸಿಗ್ತದ.

ಇದನ್ನ ಸಮೀಕರಣದಾಗ ತಂದವರು ಯೊಹಾನೆಸ್ ವ್ಯಾನ್ ಡರ್ ವಾಲ್ಸ್, 1873ರಾಗ ಲೈಡನ್ ಯೂನಿವರ್ಸಿಟಿಗೆ ಕೊಟ್ಟ ಪಿಎಚ್‌ಡಿ ಥೀಸಿಸ್‌ನ್ಯಾಗ. ಆ ಕಾಲಕ್ಕ ಮಾಲಿಕ್ಯೂಲ್ ಅನ್ನೋದು ಖರೇ ಅದನೋ ಇಲ್ಲೋ ಅಂತನೇ ಜಗಳ ಇತ್ತು, ಅಂಥಾದ್ರಾಗ ಇವರು ಅದಕ್ಕ ಗಾತ್ರ ಅದ, ಎಳೆತ ಅದ ಅಂತ ಎರಡೇ ನಂಬರ್‌ನ್ಯಾಗ ಹಿಡಿದ್ರು. 1910ರಾಗ ಫಿಸಿಕ್ಸ್ ನೊಬೆಲ್ ಬಂತು. ನನಗಂತೂ ಇದು ಇಡೀ ಫಿಸಿಕಲ್ ಕೆಮಿಸ್ಟ್ರಿಯೊಳಗ ಭಾಳ ಮೆಚ್ಚಿಗಿಯ ಸಮೀಕರಣ, ಬಾಯಿಪಾಠ ಮಾಡಿ ಬಿಡೋವಂಥಾದ್ದಲ್ಲ.

ಪಿ = ಆರ್‌ಟಿ/(ವಿ − ಬಿ) − ಎ/ವಿ²

ಮೀಥೇನಿಗೆ ಎ = 2.283, ಬಿ = 0.04278 (ಲೀಟರ್, ಬಾರ್ ಲೆಕ್ಕ). ಎ ಬಿ ಕೊಟ್ಟಿಲ್ಲ, ಬರೇ ಕ್ರಿಟಿಕಲ್ ಟೆಂಪರೇಚರ್ (ಟಿಸಿ, ಇದರ ಮ್ಯಾಲ ಎಷ್ಟ್ ಒತ್ತಿದ್ರೂ ಗ್ಯಾಸ್ ದ್ರವ ಆಗಂಗಿಲ್ಲ) ಮತ್ತ ಕ್ರಿಟಿಕಲ್ ಪ್ರೆಶರ್ (ಪಿಸಿ, ಆ ಟೆಂಪರೇಚರ್‌ದಾಗ ದ್ರವ ಮಾಡಾಕ ಬೇಕಾಗೋ ಪ್ರೆಶರ್) ಕೊಟ್ಟಾರ ಅಂದ್ರ ನೀವೇ ತೆಗೀಬಹುದು, ಎ = 27 ಆರ್² ಟಿಸಿ²/(64 ಪಿಸಿ), ಬಿ = ಆರ್ ಟಿಸಿ/(8 ಪಿಸಿ). ಮೀಥೇನಿಗೆ ಟಿಸಿ 190.56 ಕೆಲ್ವಿನ್, ಪಿಸಿ 45.99 ಬಾರ್ ಹಾಕಿದ್ರ ಎ 2.303, ಬಿ 0.0431 ಬರ್ತದ. ಪುಸ್ತಕದ 2.283ಕ್ಕೂ ಇದಕ್ಕೂ ಸ್ವಲ್ಪ ಫರಕ್ ಅದ, ಗಾಬರಿ ಬ್ಯಾಡ, ಯಾವುದಾದ್ರೂ ಒಂದು ಜೋಡಿ ಹಿಡೀರಿ, ಆದ್ರ ಒಂದರ ಎ ಇನ್ನೊಂದರ ಬಿ ಕೂಡಿಸಬ್ಯಾಡ್ರಿ.

ಈಗ ಇದನ್ನ ವಿ ಸಲುವಾಗಿ ಬಿಚ್ಚಿ ಬರೆದ್ರ ಘನ ಸಮೀಕರಣ ಹಿಂಗ ಬರ್ತದ.

ಪಿ ವಿ³ − (ಪಿ ಬಿ + ಆರ್‌ಟಿ) ವಿ² + ಎ ವಿ − ಎ ಬಿ = 0

ನಮ್ಮ ನಂಬರ್ ಹಾಕ್ರಿ. ಪಿ ಬಿ ಅಂದ್ರ 200 × 0.04278 = 8.556, ಅದಕ್ಕ 26.037 ಕೂಡಿಸಿದ್ರ 34.593. ಎ ಬಿ ಅಂದ್ರ 0.097667. ಹಂಗಾದ್ರ

200 ವಿ³ − 34.593 ವಿ² + 2.283 ವಿ − 0.097667 = 0

ಸೈಂಟಿಫಿಕ್ ಕ್ಯಾಲ್ಕುಲೇಟರ್‌ನ್ಯಾಗ ಇಕ್ವೇಶನ್ ಮೋಡ್ ಇದ್ರ, ಕ್ಯಾಸಿಯೊ 991 ಇದ್ದೋರಿಗೆ ಇರ್ತದ, ಡಿಗ್ರಿ 3 ಆರಿಸಿ ಈ ನಾಲ್ಕು ನಂಬರ್ ಚಿಹ್ನೆ ಸಮೇತ ಒತ್ತಿದ್ರ ಉತ್ತರ ಬಂದುಬಿಡ್ತದ. ಆದ್ರ ಪರೀಕ್ಷಾದಾಗ ಸಾದಾ ಕ್ಯಾಲ್ಕುಲೇಟರ್ ಅಷ್ಟೇ ಬಿಡ್ತಾರ ಅಂದ್ರ ಕೈಲೇ ಮಾಡಾಕ ಬರಬೇಕಲ್ರಿ.

ಭಾಳ ಜನ ಕಲಿಸೋ ದಾರಿ ಏನಂದ್ರ ವಿ = ಆರ್‌ಟಿ/(ಪಿ + ಎ/ವಿ²) + ಬಿ ಅಂತ ಬರ್ಕೊಂಡು, ಬಲಗಡೆ ಐಡಿಯಲ್ ವಿ ಹಾಕು, ಬಂದ ಉತ್ತರ ಮತ್ತ ಬಲಗಡೆ ಹಾಕು, ಹಿಂಗ ತಿರುಗಿಸ್ಕೋತ ಹೋಗು ಅಂತ. ಕಮ್ಮಿ ಪ್ರೆಶರ್‌ದಾಗ ಎರಡು ಮೂರು ಸುತ್ತಿನ್ಯಾಗ ಮುಗೀತದ. 200 ಬಾರ್‌ದಾಗ ಏನಾಗ್ತದ ನೋಡ್ರಿ, 0.1302 ಹಾಕಿದ್ರ 0.1206 ಬರ್ತದ, ಆಮ್ಯಾಲ 0.1157, ಆಮ್ಯಾಲ 0.1131, ಆಮ್ಯಾಲ 0.1115, ಆಮ್ಯಾಲ 0.1107, ಇನ್ನೂ ಇಳೀತಾನೇ ಅದ. ಇಲ್ಲಿ ಬೇಸತ್ತು ನಿಲ್ಲಿಸಿ 0.1107 ಅಂತ ಬರೆದ್ರ ತಪ್ಪು, ಯಾಕಂದ್ರ ನಂಬರ್ ಇನ್ನೂ ನಿಂತಿಲ್ಲ. ಹೈ ಪ್ರೆಶರ್‌ಗೆ ಈ ದಾರಿ ನಾನು ಹೇಳಂಗಿಲ್ಲ. ನ್ಯೂಟನ್ ವಿಧಾನ ಹಿಡೀರಿ, ಒಂದ್ ಡೆರಿವೇಟಿವ್ ಜಾಸ್ತಿ ಬರೀಬೇಕಾಗ್ತದ ಅಷ್ಟೇ.

ಮ್ಯಾಲಿನ ಘನ ಸಮೀಕರಣದ ಎಡಗಡೆಗೆ ಎಫ್ ಅಂತ ಹೆಸರು ಇಡ್ರಿ. ಅದರ ಡೆರಿವೇಟಿವ್ 600 ವಿ² − 69.186 ವಿ + 2.283. ಹೊಸ ವಿ ಅಂದ್ರ ಹಳೆ ವಿ ಮೈನಸ್ ಎಫ್ ಭಾಗಿಸು ಡೆರಿವೇಟಿವ್, ಇಷ್ಟೇ ಮಂತ್ರ.

ಮೊದಲನೇ ಸುತ್ತು, ವಿ = 0.1302. ಎಫ್ ಬಿಡಿಸಿ ಮಾಡ್ರಿ, 0.44143 − 0.58642 + 0.29725 − 0.09767, ಒಟ್ಟು 0.05459. ಡೆರಿವೇಟಿವ್ 3.4462. ಭಾಗಿಸಿದ್ರ 0.01584. ಹೊಸ ವಿ = 0.11436.

ಎರಡನೇ ಸುತ್ತು, ಎಫ್ 0.01013, ಡೆರಿವೇಟಿವ್ 2.2178, ಭಾಗಿಸಿದ್ರ 0.00457. ಹೊಸ ವಿ = 0.10979.

ಮೂರನೇ ಸುತ್ತು, ಎಫ್ 0.00068, ಡೆರಿವೇಟಿವ್ 1.9194, ಭಾಗಿಸಿದ್ರ 0.00036. ಹೊಸ ವಿ = 0.10943. ನಾಲ್ಕನೇ ಸುತ್ತು ಮಾಡಿದ್ರ ಐದನೇ ದಶಮಾಂಶನೂ ಅಲ್ಲಾಡಂಗಿಲ್ಲ, ಮುಗೀತು.

ಒಂದ್ ಎಚ್ಚರಿಕಿ, ನಡುವ ನಡುವ ನಂಬರ್ ರೌಂಡ್ ಮಾಡಬ್ಯಾಡ್ರಿ. ಎಫ್ ಅನ್ನೋದು ದೊಡ್ಡ ದೊಡ್ಡ ನಂಬರ್ ಕೂಡಿಸಿ ಕಳೆದು ಉಳಿಯೋ ಸಣ್ಣ ನಂಬರ್, 0.4414ರ ಬದಲಿ 0.44 ಅಂತ ಬರ್ಕೊಂಡ್ರ ಕೊನೀಗೆ ಉಳಿಯೋದು ನಿಮ್ಮ ರೌಂಡಿಂಗ್ ತಪ್ಪು ಮಾತ್ರ. ಐದು ಅಂಕಿ ತನಕನಾರ ಇಟ್ಕೋರಿ.

ಈಗ ಪರೀಕ್ಷಾದಾಗ ಮಾರ್ಕ್ಸ್ ಸಿಗ್ಲಿ ಬಿಡ್ಲಿ ಮಾಡಲೇಬೇಕಾದ ಕೆಲಸ, ಉತ್ತರನ್ನ ವಾಪಸ್ ಮೂಲ ಸಮೀಕರಣದಾಗ ಹಾಕಿ ನೋಡೋದು. ಘನ ಸಮೀಕರಣದಾಗ ಅಲ್ಲ, ಅದನ್ನ ಬಿಡಿಸುವಾಗ್ಲೇ ತಪ್ಪಾಗಿರಬಹುದು. ಆರ್‌ಟಿ/(ವಿ − ಬಿ) ಅಂದ್ರ 26.037/0.06665 = 390.65. ಎ/ವಿ² ಅಂದ್ರ 2.283/0.011975 = 190.65. ಕಳೆದ್ರ 200.0 ಬಾರ್. ಬಂತು. ಇದರಾಗ ಒಂದ್ ಮಜಾ ಸಂಗತಿನೂ ಕಾಣ್ತದ, 200 ಬಾರ್ ಅಂತ ಮೀಟರ್ ತೋರಿಸೋದು ಖರೇಗೆ 391 ಮತ್ತ 191ರ ನಡುವಿನ ಅಂತರ. ಬಿ ಪ್ರೆಶರ್‌ನ್ನ 200ರ ಎರಡು ಪಟ್ಟು ಹತ್ರ ಒಯ್ತದ, ಎ ಅದನ್ನ ಅರ್ಧಕ್ಕ ಇಳಿಸ್ತದ, ನಮಗ ಕಾಣೋದು ಉಳಿದದ್ದು. ಸಣ್ಣ ತಿದ್ದುಪಡಿ ಅಲ್ಲ ಇವು.

ಜೆಡ್ ಅಂದ್ರ ಕಂಪ್ರೆಸಿಬಿಲಿಟಿ ಫ್ಯಾಕ್ಟರ್, ಪಿ ವಿ/ಆರ್‌ಟಿ, ಇಲ್ಲಿ 200 × 0.10943/26.037 = 0.84. ಅಂದ್ರ ಐಡಿಯಲ್ ಹೇಳಿದ ಜಾಗಾದಾಗ 84 ಪರ್ಸೆಂಟ್ ಅಷ್ಟೇ ಬೇಕು. ಸಿಲಿಂಡರ್‌ನ್ಯಾಗ 60/0.10943 = 548 ಮೋಲ್, 8.8 ಕೆಜಿ. ಐಡಿಯಲ್ 7.4 ಅಂದಿತ್ತು.

ಇದು ಎಷ್ಟ್ ನಂಬೋವಂಥಾದ್ದು ಅಂತ ಕೇಳ್ರಿ, ಕೇಳಲೇಬೇಕು. ಅದಕ್ಕ ಬ್ಯಾರೆ ದಾರಿಯಿಂದ ಒಮ್ಮೆ ತಾಳೆ ಹಾಕಿ ನೋಡೋದು ಛಲೋ. ಎಲ್ಲಕ್ಕಿಂತ ಸಸ್ತಾ ದಾರಿ ಚಾರ್ಟ್. ಟೆಂಪರೇಚರ್‌ನ್ನ ಕ್ರಿಟಿಕಲ್ ಟೆಂಪರೇಚರ್‌ನಿಂದ ಭಾಗಿಸ್ರಿ, 313.15/190.56 = 1.64. ಪ್ರೆಶರ್‌ನ್ನ ಕ್ರಿಟಿಕಲ್ ಪ್ರೆಶರ್‌ನಿಂದ ಭಾಗಿಸ್ರಿ, 200/45.99 = 4.35. ಈ ಎರಡು ನಂಬರ್ ಹಿಡ್ಕೊಂಡು ಜನರಲೈಸ್ಡ್ ಕಂಪ್ರೆಸಿಬಿಲಿಟಿ ಚಾರ್ಟ್‌ಗೆ ಹೋಗ್ರಿ, ಥರ್ಮೋಡೈನಾಮಿಕ್ಸ್ ಪುಸ್ತಕದ ಹಿಂದಿನ ಪುಟದಾಗ ನೆಲ್ಸನ್-ಓಬರ್ಟ್ ಚಾರ್ಟ್ ಅಂತ ಇರ್ತದ, ಅಡ್ಡ ಗೆರಿ ಮ್ಯಾಲ 4.35 ಹುಡುಕಿ ಮ್ಯಾಲ ಹೋಗಿ 1.6 ಮತ್ತ 1.8ರ ಗೆರಿ ನಡುವ ನೋಡಿದ್ರ ಜೆಡ್ 0.85, 0.86ರ ಆಸುಪಾಸು ಸಿಗ್ತದ. ವಿ ಅಂದ್ರ 0.111, 0.112. ಅಂದ್ರ ನಮ್ಮ ವ್ಯಾನ್ ಡರ್ ವಾಲ್ಸ್ ಉತ್ತರ ಎರಡು ಪರ್ಸೆಂಟ್ ಅಷ್ಟು ಕೆಳಗ ಅದ. ಎರಡೇ ನಂಬರ್ ಇರೋ 1873ರ ಸಮೀಕರಣಕ್ಕ ಇದು ಮಸ್ತ್ ಆಯ್ತು.

ಆದ್ರ ಇದನ್ನ ನೋಡಿ ವ್ಯಾನ್ ಡರ್ ವಾಲ್ಸ್ ಯಾವಾಗ್ಲೂ ಇಷ್ಟೇ ಛಲೋ ಅನ್ಕೋಬ್ಯಾಡ್ರಿ. ಇಲ್ಲಿ ಎ ತಪ್ಪು ಬಿ ತಪ್ಪು ಒಂದನ್ನೊಂದು ಹೊಡೆದು ಹಾಕ್ಯಾವ. ಬಿ ಎಷ್ಟ್ ದೊಡ್ಡದು ಹಿಡ್ದಾರ ಅನ್ನೋದಕ್ಕ ಒಂದು ಸೀದಾ ಪುರಾವೆ ಅದ. ದ್ರವ ಮೀಥೇನ್, ಎಲ್‌ಎನ್‌ಜಿ ಅಂತ ಟ್ಯಾಂಕರ್‌ನ್ಯಾಗ ಬರೋದು, ಮೈನಸ್ 161.5 ಡಿಗ್ರಿಯೊಳಗ ಅದರ ಡೆನ್ಸಿಟಿ ಲೀಟರಿಗೆ 0.422 ಕೆಜಿ. ಒಂದು ಮೋಲ್‌ಗೆ 0.038 ಲೀಟರ್ ಆಯ್ತು. ವ್ಯಾನ್ ಡರ್ ವಾಲ್ಸ್ ಬಿ ಏನು ಹೇಳ್ತದ, 0.0428 ಲೀಟರ್‌ಕ್ಕಿಂತ ಕೆಳಗ ಎಷ್ಟೇ ಒತ್ತಿದ್ರೂ ಹೋಗಾಕ ಸಾಧ್ಯನೇ ಇಲ್ಲ ಅಂತ. ಖರೇ ಮೀಥೇನ್ ಬರೇ ತಂಪು ಮಾಡಿದ್ರೇ ಅದಕ್ಕಿಂತ ಕೆಳಗ ಹೋಗಿ ಕುಂತದ. ಅದಕ್ಕ ಸಾವಿರ ಬಾರ್ ಎರಡು ಸಾವಿರ ಬಾರ್ ಲೆಕ್ಕ ಕೊಟ್ರ ವ್ಯಾನ್ ಡರ್ ವಾಲ್ಸ್ ವಾಲ್ಯೂಮ್ ಜಾಸ್ತಿ ಹೇಳ್ತದ, ಅಲ್ಲಿ ನಂಬಬ್ಯಾಡ್ರಿ.

ಅದಕ್ಕೇ ಇಂಜಿನಿಯರ್‌ಗೋಳು ಬ್ಯಾರೆ ಸಮೀಕರಣ ಬಳಸ್ತಾರ. 1949ರ ರೆಡ್ಲಿಕ್-ಕ್ವಾಂಗ್, 1972ರಾಗ ಅದನ್ನ ಸೋವೆ ತಿದ್ದಿದ್ದು, 1976ರಾಗ ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯ ಪೆಂಗ್ ಮತ್ತ ರಾಬಿನ್ಸನ್ ಮಾಡಿದ್ದು, ಇದು ಇವತ್ತಿಗೂ ಗ್ಯಾಸ್ ಮತ್ತ ಆಯಿಲ್ ಸಾಫ್ಟ್‌ವೇರ್‌ನ್ಯಾಗ ಓಡ್ತದ. ಕೆಮಿಕಲ್ ಇಂಜಿನಿಯರಿಂಗ್ ಮಾಡೋರಿಗೆ ಇದು ಬೇಕೇ ಬೇಕು, ಬಿಎಸ್ಸಿಯೋರು ಈ ಪ್ಯಾರಾ ಬಿಟ್ಟು ಮುಂದ ಹೋದ್ರೂ ನಡೀತದ. ಪೆಂಗ್-ರಾಬಿನ್ಸನ್‌ಗೆ ಮೂರನೇ ನಂಬರ್ ಬೇಕು, ಅಸೆಂಟ್ರಿಕ್ ಫ್ಯಾಕ್ಟರ್ ಒಮೆಗಾ (ಮಾಲಿಕ್ಯೂಲ್ ಗುಂಡಗಿಂದ ಎಷ್ಟ್ ದೂರ ಅನ್ನೋದರ ಅಳತಿ), ಮೀಥೇನಿಗೆ 0.011. ಎ = 0.45724 ಆರ್² ಟಿಸಿ²/ಪಿಸಿ, ಬರೋದು 2.496. ಬಿ = 0.0778 ಆರ್ ಟಿಸಿ/ಪಿಸಿ, ಬರೋದು 0.0268 (ನೋಡ್ರಿ ಬಿ ಎಷ್ಟ್ ಸಣ್ಣದಾಯ್ತು, ದ್ರವದ 0.038ಕ್ಕಿಂತ ಕೆಳಗ, ಈಗ ಅರ್ಥ ಐತಿ). ಎ ಮ್ಯಾಲ ಟೆಂಪರೇಚರ್ ತಿದ್ದುಪಡಿ ಆಲ್ಫಾ ಗುಣಿಸ್ಬೇಕು, ನಮ್ಮ 313 ಕೆಲ್ವಿನ್‌ಗೆ ಅದು 0.791. ಜೆಡ್ ಸಲುವಾಗಿ ಘನ ಸಮೀಕರಣ ಹಿಂಗ ಬರ್ತದ, ಜೆಡ್³ − 0.7941 ಜೆಡ್² + 0.0438 ಜೆಡ್ − 0.0689 = 0. ಅದೇ ನ್ಯೂಟನ್ ವಿಧಾನದಾಗ ಬಿಡಿಸಿದ್ರ ಜೆಡ್ 0.8396, ವಿ 0.1093. ವ್ಯಾನ್ ಡರ್ ವಾಲ್ಸ್ ಕೊಟ್ಟದ್ದೇ ಹೆಚ್ಚುಕಮ್ಮಿ! ಇಷ್ಟೆಲ್ಲಾ ಮಾಡಿ ಅದೇ ಬಂತಲ್ಲ ಅನ್ನಬ್ಯಾಡ್ರಿ, ಈ ಒಂದು ಪಾಯಿಂಟ್‌ದಾಗ ಅಷ್ಟೇ ಹಂಗ ಕೂಡಿ ಬಂದದ. ಕ್ರಿಟಿಕಲ್ ಪಾಯಿಂಟ್ ಹತ್ರ, ದ್ರವದ ಹತ್ರ ಹೋದ್ರ ವ್ಯಾನ್ ಡರ್ ವಾಲ್ಸ್ ದೂರ ಉಳೀತದ, ಪೆಂಗ್-ರಾಬಿನ್ಸನ್ ಕೈ ಬಿಡಂಗಿಲ್ಲ.

ವಿರಿಯಲ್ ಸಮೀಕರಣ ಹಚ್ಚಿ ಜಲ್ದಿ ಮುಗಿಸೋರೂ ಇದ್ದಾರ, ಜೆಡ್ = 1 + (ಬಿ − ಎ/ಆರ್‌ಟಿ) ಪಿ/ಆರ್‌ಟಿ ಅಂತ ಒಂದೇ ಲೈನ್ (ಇಲ್ಲಿ ಎ, ಬಿ ಅಂದ್ರ ವ್ಯಾನ್ ಡರ್ ವಾಲ್ಸ್ ಎ, ಬಿ). ಇದು 10 ಬಾರ್‌ಗೆ ಸರಿ, ಹಾಕಿ ನೋಡ್ರಿ, 0.983 ಬರ್ತದ. ಅದೇ ಲೈನಿನ್ಯಾಗ 200 ಬಾರ್ ಹಾಕಿದ್ರ 0.655 ಬರ್ತದ, ಖರೇ ಉತ್ತರ 0.85ರ ಮ್ಯಾಲ ಇರುವಾಗ. ಎರಡನೇ ಟರ್ಮ್‌ಗೆ ನಿಲ್ಲಿಸಿದ ವಿರಿಯಲ್ ಹೈ ಪ್ರೆಶರ್‌ಗೆ ಅಲ್ಲ, ಪ್ರಶ್ನೆಪತ್ರಿಕೆಯೊಳಗ 150, 200 ಬಾರ್ ಕಂಡ್ರ ಈ ದಾರಿ ಕಡೆ ತಿರುಗೂ ನೋಡಬ್ಯಾಡ್ರಿ.

ಈಗ ಮೂರು ಉತ್ತರದ ಗೊಂದಲ. ಘನ ಸಮೀಕರಣ ಅಂದ ಮ್ಯಾಲ ಮೂರು ರೂಟ್ ಇರಬೇಕಲ್ಲ, ಕ್ಯಾಲ್ಕುಲೇಟರ್ ಒಮ್ಮೊಮ್ಮೆ ಒಂದು ತೋರಿಸ್ತದ, ಒಮ್ಮೊಮ್ಮೆ ಮೂರು. ನಿಯಮ ಏನಂದ್ರ ಟೆಂಪರೇಚರ್ ಕ್ರಿಟಿಕಲ್‌ಕ್ಕಿಂತ ಮ್ಯಾಲ ಇದ್ರ ಅರ್ಥ ಇರೋ ಉತ್ತರ ಒಂದೇ, ಮೀಥೇನಿಗೆ ಕ್ರಿಟಿಕಲ್ ಟೆಂಪರೇಚರ್ ಮೈನಸ್ 82.6 ಡಿಗ್ರಿ ಸೆಲ್ಸಿಯಸ್, ಅಂದ್ರ ನಮ್ಮ ಕಡೆ ಎಂದೂ ಗೊಂದಲ ಇಲ್ಲ. ಗೊಂದಲ ಆಗೋದು ಕಾರ್ಬನ್ ಡೈಆಕ್ಸೈಡ್‌ದಾಗ, ಅದರ ಕ್ರಿಟಿಕಲ್ ಟೆಂಪರೇಚರ್ 31 ಡಿಗ್ರಿ, 1869ರಾಗ ಥಾಮಸ್ ಆ್ಯಂಡ್ರೂಸ್ ಅನ್ನೋರು ಇದನ್ನೇ ಅಳೆದು ಕ್ರಿಟಿಕಲ್ ಪಾಯಿಂಟ್ ಅನ್ನೋದನ್ನ ಜಗತ್ತಿಗೆ ತೋರಿಸಿದ್ರು. ಬೆಂಕಿ ಆರಿಸೋ ಸಿಒಟು ಸಿಲಿಂಡರ್ ಗ್ವಾಡಿಗೆ ತೂಗು ಹಾಕಿರ್ತಾರಲ್ಲ, ಚಳಿಗಾಲದಾಗ ಬೀದರಿನ ರೂಮಿನ್ಯಾಗ ಅದರೊಳಗ ಕೆಳಗ ದ್ರವ ಮ್ಯಾಲ ಆವಿ ಎರಡೂ ಇರ್ತಾವ, ಮೇ ತಿಂಗಳದಾಗ ಕಲಬುರಗಿಯೊಳಗ 42 ಡಿಗ್ರಿ ಬಿಸಿಲಿಗೆ ಅದೇ ಸಿಲಿಂಡರ್‌ನ್ಯಾಗ ದ್ರವನೂ ಇಲ್ಲ ಆವಿನೂ ಇಲ್ಲ, ಎರಡರ ನಡುವಿನ ಗೆರಿನೇ ಅಳಿಸಿ ಹೋಗಿರ್ತದ. ನಮ್ಮ ಭಾಗದ ಹವಾಮಾನ ಆ ಕ್ರಿಟಿಕಲ್ ಪಾಯಿಂಟ್‌ನ ಎರಡೂ ಕಡೆ ಓಡಾಡ್ತದ, ಇದನ್ನ ಕ್ಲಾಸಿನ್ಯಾಗ ಹೇಳಿದ್ರ ಹುಡುಗ್ರು ಮರಿಯಂಗಿಲ್ಲ.

ಟೆಂಪರೇಚರ್ 31ಕ್ಕಿಂತ ಕೆಳಗ ಇದ್ದಾಗ, ಪ್ರೆಶರ್ ಕುದಿಯೋ ಪ್ರೆಶರ್ ಹತ್ರ ಇದ್ರ, ಮೂರು ರೂಟ್ ಬರ್ತಾವ. ಎಲ್ಲಕ್ಕಿಂತ ದೊಡ್ಡದು ಆವಿಯದು, ಎಲ್ಲಕ್ಕಿಂತ ಸಣ್ಣದು ದ್ರವದ್ದು, ನಡುವಿನದಕ್ಕ ಅರ್ಥ ಇಲ್ಲ, ಅದನ್ನ ಒಗೀರಿ. ಎಷ್ಟ್ ಫರಕ್ ಇರ್ತದ ಅಂದ್ರ 20 ಡಿಗ್ರಿಯೊಳಗ, 57.3 ಬಾರ್‌ದಾಗ, ಅಳೆದ ಲೆಕ್ಕದ ಪ್ರಕಾರ ದ್ರವ ಸಿಒಟು ಒಂದು ಮೋಲ್‌ಗೆ 0.057 ಲೀಟರ್, ಆವಿ 0.227 ಲೀಟರ್, ನಾಲ್ಕು ಪಟ್ಟು. ನ್ಯೂಟನ್ ವಿಧಾನದಾಗ ಆವಿ ಬೇಕಂದ್ರ ಆರ್‌ಟಿ/ಪಿ ಇಂದ ಶುರು ಮಾಡ್ರಿ, ದ್ರವ ಬೇಕಂದ್ರ ಬಿಕ್ಕಿಂತ ಹತ್ತು ಇಪ್ಪತ್ತು ಪರ್ಸೆಂಟ್ ಮ್ಯಾಲಿಂದ ಶುರು ಮಾಡ್ರಿ, ಬಿಕ್ಕಿಂತ ಕೆಳಗಿಂದ ಎಂದೂ ಬ್ಯಾಡ. ಡೆರಿವೇಟಿವ್ ಸೊನ್ನಿ ಹತ್ರ ಹೋಗಿ ವಿ ಒಮ್ಮೆಲೇ ಎಲ್ಲೋ ಜಿಗಿದ್ರ ಶುರು ಮಾಡಿದ ನಂಬರ್ ಬದಲಿ ಮಾಡ್ರಿ. ಮೀಥೇನ್ ಲೆಕ್ಕದಾಗ ಈ ಭಯ ಇರಲಿಲ್ಲ, 600 ವಿ² − 69.186 ವಿ + 2.283 ಅನ್ನೋದು ಎಲ್ಲೂ ಸೊನ್ನಿ ಆಗಂಗಿಲ್ಲ, ಬೇಕಾದ್ರ ಡಿಸ್ಕ್ರಿಮಿನೆಂಟ್ ತೆಗೆದು ನೋಡ್ರಿ, ಮೈನಸ್ ಬರ್ತದ.

ವಿ ಕೈಗೆ ಸಿಕ್ಕ ಮ್ಯಾಲ ಅದರಿಂದ ಮಾಡೋ ಒಂದು ಲೆಕ್ಕ ಅದ, ಅದನ್ನ ನಾನು ಖಾಸ್ ಆಗಿ ಹೇಳ್ಬೇಕಂತ ಇದ್ದೆ. ಮುಂಜಾನೆ 25 ಡಿಗ್ರಿ ಇದ್ದಾಗ 200 ಬಾರ್‌ಗೆ ಟ್ಯಾಂಕ್ ಫುಲ್ ಮಾಡಿಸಿ ಗಾಡಿ ಬಿಸಿಲಿಗೆ ನಿಲ್ಲಿಸಿದ್ರಿ, ಮಧ್ಯಾಹ್ನ ಸಿಲಿಂಡರ್ 45 ಡಿಗ್ರಿ ಆಯ್ತು. ಪ್ರೆಶರ್ ಎಷ್ಟಾಗ್ತದ? ಐಡಿಯಲ್ ಪ್ರಕಾರ 200 × 318.15/298.15 = 213 ಬಾರ್. ಈಗ ನಮ್ಮ ದಾರಿ, ಮೊದಲು 298.15 ಕೆಲ್ವಿನ್‌ಗೆ ವಿ ತೆಗೀರಿ, ಆರ್‌ಟಿ 24.790 ಹಾಕಿ ಅದೇ ಘನ ಸಮೀಕರಣ ಬಿಡಿಸಿದ್ರ 0.1017 ಬರ್ತದ. ಸಿಲಿಂಡರ್ ಹಿಗ್ಗಂಗಿಲ್ಲ, ಗ್ಯಾಸ್ ಹೊರಗ ಹೋಗಂಗಿಲ್ಲ, ವಿ ಅಷ್ಟೇ ಇರ್ತದ. 318.15ಕ್ಕ ಆರ್‌ಟಿ 26.453, ಅದನ್ನ ಮೂಲ ಸಮೀಕರಣದಾಗ ಹಾಕ್ರಿ, 26.453/0.05892 − 2.283/0.010343, ಅಂದ್ರ 449 − 221 = 228 ಬಾರ್. ಐಡಿಯಲ್ 13 ಬಾರ್ ಏರ್ತದ ಅಂತು, ಇಲ್ಲಿ 28 ಬಾರ್ ಏರಿತು. ಯಾಕಂದ್ರ ಟೆಂಪರೇಚರ್ ಏರಿದಾಗ 449ರ ಭಾಗ ಏರ್ತದ, 221ರ ಭಾಗ ಇದ್ದಲ್ಲೇ ಇರ್ತದ. ಬಿಸಿಲಿನ ಊರಿನೋರಿಗೆ ಈ ಫರಕ್ ಸಣ್ಣದಲ್ಲ, ಅದಕ್ಕೇ ಸಿಲಿಂಡರ್ ಟೆಸ್ಟ್ ತಾರೀಖು ದಾಟಿಸಬ್ಯಾಡ್ರಿ ಅಂತ ಹೇಳೋದು.

ಕೊನೀದು, ಸಿಎನ್‌ಜಿ ಪೂರ್ತಿ ಮೀಥೇನ್ ಅಲ್ಲ ಅಂತ ಮೊದಲೇ ಹೇಳಿದ್ದೆ. ಮಿಕ್ಸ್ಚರ್ ಬಂದ್ರ ಬಿಗಳನ್ನ ಮೋಲ್ ಪಾಲಿನ ಪ್ರಕಾರ ಸರಾಸರಿ ಮಾಡ್ರಿ, ಎಗಳ ವರ್ಗಮೂಲದ ಸರಾಸರಿ ತೆಗೆದು ಅದನ್ನ ವರ್ಗ ಮಾಡ್ರಿ. ಒಂದು ಲೆಕ್ಕಕ್ಕ 95 ಪರ್ಸೆಂಟ್ ಮೀಥೇನ್, 5 ಪರ್ಸೆಂಟ್ ಈಥೇನ್ ಅನ್ಕೋರಿ. ಈಥೇನ್ ಎ 5.562, ಬಿ 0.0638. ಮಿಕ್ಸ್ಚರ್ ಎ = (0.95 × 1.5110 + 0.05 × 2.3584)² = 2.413, ಬಿ = 0.04383. ಮತ್ತ ಅದೇ 40 ಡಿಗ್ರಿ 200 ಬಾರ್ ಹಾಕಿ ಬಿಡಿಸಿದ್ರ ವಿ 0.1076 ಬರ್ತದ, ಸರಾಸರಿ ಮೋಲಾರ್ ಮಾಸ್ 16.74, ಸಿಲಿಂಡರ್‌ನ್ಯಾಗ 558 ಮೋಲ್, 9.3 ಕೆಜಿ. ಬರೇ 5 ಪರ್ಸೆಂಟ್ ಈಥೇನ್ ಸೇರಿದ್ದಕ್ಕ ಅದೇ ಸಿಲಿಂಡರ್, ಅದೇ ಮೀಟರ್, ಅರ್ಧಾ ಕೆಜಿ ಜಾಸ್ತಿ. ವಿ ಸಣ್ಣದಾಗಿದ್ದು ಎರಡು ಪರ್ಸೆಂಟೂ ಇಲ್ಲ, ಉಳಿದದ್ದೆಲ್ಲಾ ಈಥೇನ್ ಮಾಲಿಕ್ಯೂಲ್ ಭಾರ ಇರೋದ್ರಿಂದ ಬಂದದ್ದು, ಎರಡನ್ನೂ ಬ್ಯಾರೆ ಬ್ಯಾರೆ ಮಾಡಿ ಬರೀರಿ. ಇದೇ ಲೆಕ್ಕನ್ನ 90 ಮತ್ತ 10 ಪರ್ಸೆಂಟ್ ಹಾಕಿ ನೀವೇ ಒಮ್ಮೆ ಮಾಡ್ರಿ, ಶುರು ಮಾಡೋ ನಂಬರ್ 0.1302 ಇಟ್ರೂ ನಡೀತದ, 0.107 ಇಟ್ರ ಒಂದೆರಡು ಸುತ್ತಿನ್ಯಾಗ ಮುಗೀತದ.